ಪೊಟ್ಟಣವಾಗದ ಜರ್ಮನ್ ಪತ್ರಿಕೆ

ಶ್ರೀನಿವಾಸಪುರದಲ್ಲಿ ಬಸ್ಸಿಗೆ ಕಾಯುತ್ತ ಪಕ್ಕದ ಸಾಬರ ಅಂಗಡಿಯಲ್ಲಿ ಖರ್ಜೂರ ಕೇಳಿದೆ. ಚಿನ್ನದ ಗಣಿಗೆ ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಎಂಜಿನಿಯರೊಬ್ಬ ರದ್ದಿಗೆ ಹಾಕಿದ್ದ ಮೂರು ಸಚಿತ್ರ ವಾರಪತ್ರಿಕೆಗಳು ಅವರ ಮುಂದಿದ್ದವು. ಹಾಳೆ ಹರಿಯಹೋದವರು ತಡೆದು, ನನ್ನತ್ತ ಚಾಚಿದರು.

“ಇದ್ರಲ್ಲಿ ದೇವ್ರ ಹೆಸ್ರು ಐತಾ ನೋಡಿ ಸ್ವಾಮಿ. ಇದ್ರೆ ಪೊಟ್ಟಣ ಕಟ್ಟಲ್ಲ.”

ಕಾಲೇಜಿನಲ್ಲಿ ಕಲಿತ ಅಷ್ಟಿಷ್ಟು ಜರ್ಮನ್ ನೆನೆಯುತ್ತ ತಿರುವಿದೆ. ಪತ್ರಿಕೆಗಳ ಹೆಸರು ಬೇರೆ ಬೇರೆ. ಒಳಗಿನ ಮುಖ ಒಂದೇ, ಮಾತೂ ಒಂದೇ.

“ದೇವರ ಹೆಸರಿಲ್ಲ. ಎಲ್ಲ ಪುಟದಲ್ಲೂ ಅವರ ಈ ತುಂಡುಮೀಸೆ ನಾಯಕನದೇ,” ಎಂದೆ.

ನಾಯಕನ ಮುಂದೆ ನೆರೆದ ಜನರ ಚಿತ್ರವನ್ನು ಸಾಬರು ದಿಟ್ಟಿಸಿದರು. “ಇಷ್ಟು ಜನ ಕೈ ಎತ್ತವ್ರೆ ಅಂದ್ರೆ ಅವ್ರಿಗೆ ಇವ್ನೇ ದೇವ್ರು. ನಮಗ್ಯಾಕೆ ಪಾಪ?”

ಮೂರನ್ನೂ ಮೇಲಿನ ಹಲಗೆಗೇರಿಸಿದರು. ನನ್ನ ಕೈಯಲ್ಲಿದ್ದ, ನಾನೇ ಹೊರಡಿಸುವ ಕನ್ನಡ ವಾರಪತ್ರಿಕೆಯನ್ನು “ಇದ್ರಲ್ಲಿ ಯಾವ ದೇವ್ರೂ ಇಲ್ವಲ್ಲ?” ಎಂದು ಕೇಳಿ ಪಡೆದು, ಪರಪರನೆ ಹರಿದು ಖರ್ಜೂರ ಕಟ್ಟಿಕೊಟ್ಟರು. ಪತ್ರಿಕೆ ಶುರುವಾದಂದಿನಿಂದ ಅದಕ್ಕೆ ಇಂಥ ಗೌರವ ಸಿಕ್ಕಿರಲಿಲ್ಲ.