ಎಣ್ಣೆ ಡಬ್ಬಿಗೆ ಗುರಿ

ಠಣ್.

ಅದಾದ ಮೇಲೆ ಅರೆಗಳಿಗೆ ಏನೂ ಇಲ್ಲ. ಆಮೇಲೆ ಜೋಳದ ಹೊಲದಿಂದ ಭರ್ರೆಂದು ಏಳುವ ರೆಕ್ಕೆಗಳ ಸದ್ದು. ಅದರ ಹಿಂದೆಯೇ, ಅಟ್ಟದ ಮೇಲಿಂದ, ನನ್ನ ಅಣ್ಣ ಒಂದು ಸಲ ಕೆಮ್ಮುವುದು. ಕೆಮ್ಮು ಬಂದು ಕೆಮ್ಮುತ್ತಿರಲಿಲ್ಲ. ‘ನೋಡಿದಿರಾ?’ ಎಂದು ಕೇಳಲು ನಾಚಿಕೆಯಾಗಿ ಕೆಮ್ಮುತ್ತಿದ್ದ.

ಮಾನ್ವಿಯಿಂದ ಮಲ್ಲಟದ ಕಡೆ ಹೋಗುವ ದಾರಿಯಲ್ಲಿ, ಕಾಲುವೆ ನೀರು ಹತ್ತದ ದಿಬ್ಬದ ಎರೆಹೊಲ ಅವನದು. ಸುತ್ತ ಎಲ್ಲರದೂ ಭತ್ತ, ಅವನದೊಂದೇ ಜೋಳ. ಹೀಗಾಗಿ ತಾಲ್ಲೂಕಿನ ಗುಬ್ಬಿ, ಗಿಳಿ, ಗೊರವಂಕಗಳೆಲ್ಲ ಆ ಹೊಲವನ್ನೇ ಕ್ಯಾಂಟೀನ್ ಮಾಡಿಕೊಂಡಿದ್ದವು. ಬೇರೆಯವರು ಹಕ್ಕಿ ಓಡಿಸಲು ಕವಣೆ ಬೀಸುತ್ತಾರೆ, ಹೋ ಎಂದು ಕೂಗುತ್ತಾರೆ. ಅಣ್ಣನಿಗೆ ಕೂಗಲು ಬರುವುದಿಲ್ಲ. ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸಾಹೇಬರ ಮುಂದೆ ಮೆಲ್ಲಗೆ ಮಾತಾಡಿ ಗಂಟಲಿಗೆ ಅದೇ ರೂಢಿಯಾಗಿತ್ತು. ರಿಟೈರ್ ಆದ ವರ್ಷ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟಿಸಿದ, ಒಂದು ಏರ್ ರೈಫಲ್ ತಂದ, ನಲವತ್ತು ಹೆಜ್ಜೆ ಆಚೆ ಬಿದಿರಿಗೆ ಖಾಲಿ ಎಣ್ಣೆ ಡಬ್ಬಿ ನೇತುಹಾಕಿದ. ಹಕ್ಕಿಗೆ ಹೊಡೆಯುವಂತಿಲ್ಲ, ಡಬ್ಬಿಗೆ ಹೊಡೆಯಬೇಕು. ಇದು ಅವನೇ ಮಾಡಿಕೊಂಡ ರೂಲ್. ಡಬ್ಬಿ ಠಣ್ ಅಂದರೆ ಹಕ್ಕಿ ಏಳುತ್ತವೆ, ಸುತ್ತು ಹೊಡೆದು ಮತ್ತೆ ಕೂರುತ್ತವೆ, ಮತ್ತೆ ಠಣ್. ಎರಡೂ ಪಕ್ಷಗಳಿಗೂ ಇದು ಒಪ್ಪಿಗೆಯಾದಂತಿತ್ತು.

ಅವನಿಗೆ ಎಪ್ಪತ್ತನಾಲ್ಕು ತುಂಬಿದ ವರ್ಷ ಸದ್ದು ಕಡಿಮೆಯಾಯಿತು. ರಾಯಚೂರಿನಲ್ಲಿದ್ದ ನನಗೆ ಫೋನ್ ಮಾಡಿದ.

“ತಂಗೆವ್ವ, ಈಗಿನ ಎಣ್ಣಿ ಡಬ್ಬಿ ಸಣ್ಣವು ಬರಾಕತ್ತ್ಯಾವೇನು?”

“ಇಲ್ಲೋ ಅಣ್ಣ. ಹದಿನೈದು ಕೆಜಿದು ಹದಿನೈದು ಕೆಜಿದೇ ಅದ.”

“ಹಂಗಾದ್ರ ನಮ್ಮದು ಬಿಸಿಲಿಗೆ ಒಣಗಿ ಸಣ್ಣದಾಗಿರಬೇಕು.”

ಡಬ್ಬಿ ಇಳಿಸಿ ಡ್ರಮ್ಮು ಕಟ್ಟಿದ. ನಲವತ್ತು ಹೆಜ್ಜೆಯನ್ನು ಇಪ್ಪತ್ತು ಮಾಡಿದ. ಹಕ್ಕಿಗಳು ಲೆಕ್ಕ ಬಲ್ಲವರಂತೆ ಹೊಲದ ಆ ಕಡೆಯ ಅರ್ಧಕ್ಕೆ ಶಿಫ್ಟ್ ಆದವು. ಕೊನೆಗೆ ಕೂಗುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ನಮ್ಮ ಅತ್ತಿಗೆಯ ಗಂಟಲಿಗೆ ಕಾಲುವೆ ಆಚೆಯ ಹಕ್ಕಿಗಳೂ ಏಳುತ್ತವೆ. ಆದರೆ ಅಡುಗೆಮನೆ ಬಿಟ್ಟು ಬಂದು ದಿನವಿಡೀ ಕೂಗುವುದೆಂದರೆ ಅವಳಿಗಾದರೂ ಎಲ್ಲಿ ಆಗಬೇಕು? ಒಂದು ದಿನ ನಾನು ಮಾನ್ವಿಗೆ ಹೋದಾಗ, ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

“ನೀವು ಓದಿದವರು, ನೀವಽ ಸಾಕ್ಷಿ ಇರ್ರಿ. ಎಳ್ಳಮವಾಸಿ ದಿನ ಹೊಲದಾಗ ಎಲ್ಲಾರೂ ಇರ್ತಾರ. ಹಳೀ ಡಬ್ಬಿ, ಹಳೀ ನಲವತ್ತು ಹೆಜ್ಜಿ. ಹತ್ತು ಗುಂಡು ಹೊಡೀಲಿ. ಆರು ಬಡದ್ವು, ಕುಂದ್ರಲಿ. ಬಡೀಲಿಲ್ಲ, ಅಟ್ಟ ಬಿಚ್ಚಿ ಒಲಿಗಿ ಹಾಕ್ತೀನಿ. ಕೂಗೋ ಮಿಷನ್ ಬಂದದಂತ, ಅದನ್ನ ತಂದು ಇಡ್ತೀನಿ.”

ಅಣ್ಣ ರೊಟ್ಟಿ ಮುರಿಯುತ್ತ “ಆಗ್ಲಿ” ಎಂದ. ಅವನ ಕೈ ಮಾತ್ರ ರೊಟ್ಟಿಯನ್ನು ಬೇಕಾದ್ದಕ್ಕಿಂತ ಸಣ್ಣಗೆ ಮುರಿಯುತ್ತಿತ್ತು. ನನಗೆ ಗೊತ್ತಿತ್ತು, ಆ ಅಟ್ಟ ಹೋದರೆ ಅವನಿಗೆ ಕೂರಲು ಮನೆಯ ಕಟ್ಟೆ ಇದೆ, ಕುರ್ಚಿ ಇದೆ, ಟೀವಿ ಇದೆ. ಆದರೆ ಆರು ಅಡಿ ಎತ್ತರದಲ್ಲಿ, ಯಾರಿಗೂ ‘ಹೌದ್ರೀ ಸರ್’ ಅನ್ನದೆ ಕೂರುವ ಜಾಗ ಜೀವಮಾನದಲ್ಲಿ ಅವನಿಗೆ ಸಿಕ್ಕಿದ್ದು ಅದೊಂದೇ.

ಗುರಿ ಹೊಡೆಯುವ ವಿಷಯದಲ್ಲಿ ನಾನು ಎಕ್ಸ್‌ಪರ್ಟ್ ಎಂದು ಮನೆಯಲ್ಲಿ ಒಂದು ನಂಬಿಕೆ. ರಾಯಚೂರಿನ ಸೋದರತ್ತೆ ಮನೆಯಲ್ಲಿ ಇಟ್ಟು ಅಪ್ಪ ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಕಾಲೇಜಿನ ಕೆಡೆಟ್ ಕ್ಯಾಂಪಿನಲ್ಲಿ ನಾನು ಎರಡು ಜಡೆ ಹಾಕಿಕೊಂಡು ಮಣ್ಣಿನಲ್ಲಿ ಮಲಗಿ ರೈಫಲ್ ಹೊಡೆದವಳು. ಐದು ಗುಂಡಿನಲ್ಲಿ ಎರಡು ನನ್ನ ಟಾರ್ಗೆಟ್ಟಿಗೆ, ಮೂರು ಪಕ್ಕದವಳ ಟಾರ್ಗೆಟ್ಟಿಗೆ ಬಿದ್ದು ಅವಳಿಗೆ ಫಸ್ಟ್ ಪ್ರೈಜ್ ಬಂತು. ಇದನ್ನು ಮನೆಯಲ್ಲಿ ನಾನು ಪೂರ್ತಿ ಹೇಳಿರಲಿಲ್ಲ.

ಆದರೂ ಕಲಿಸಿದ್ದು ನೆನಪಿತ್ತು. ಗುರಿ ಹಿಡಿಯುವಾಗ ಕಣ್ಣು ಮೂರು ವಸ್ತು ನೋಡಬೇಕು: ಹತ್ತಿರದ ಹಿಂಗುರಿ, ಅಂದರೆ ನಳಿಗೆಯ ಹಿಂಬದಿಯ ಕಚ್ಚು, ನಳಿಗೆಯ ತುದಿಯ ಮುಂಗುರಿ, ಆ ಸಣ್ಣ ಗುಬುಟು, ಆಮೇಲೆ ದೂರದ ಡಬ್ಬಿ. ಹರೆಯದ ಕಣ್ಣು ಮೂರರ ನಡುವೆ ಅಳಿಲಿನಂತೆ ಓಡಾಡುತ್ತದೆ. ವಯಸ್ಸಾದ ಕಣ್ಣು ಒಂದು ಕಡೆ ಕೂತರೆ ಏಳುವುದಿಲ್ಲ. ಹಾಗಾದರೆ ಎಲ್ಲಿ ಕೂರಿಸಬೇಕು? ಮುಂಗುರಿಯ ಮೇಲೆ. ಡಬ್ಬಿ ಮಸುಕಾದರೂ ಡಬ್ಬಿ ಡಬ್ಬಿಯೇ. ಅಣ್ಣನ ಕನ್ನಡಕದ ಕೆಳಗಿನ ಅರ್ಧ ಪೇಪರ್ ಓದಲು, ಮೇಲಿನ ಅರ್ಧ ಬಸ್ಸಿನ ಬೋರ್ಡ್ ಓದಲು. ಮುಂಗುರಿ ಇದ್ದದ್ದು ಒಂದು ತೋಳಿನಷ್ಟು ದೂರ. ಪಾಪ, ಅದು ಯಾವ ಅರ್ಧಕ್ಕೂ ಸೇರಿರಲಿಲ್ಲ.

ಆದ್ದರಿಂದ ರಾಯಚೂರಿನ ಕನ್ನಡಕದ ಅಂಗಡಿಗೆ ಹೋಗುವುದೆಂದಾಯಿತು. ಪೇಟೆಯಲ್ಲಿ ಬಂದೂಕು ಹಿಡಿದು ಹೋದರೆ ಚೆಂದವೇ? ಅಣ್ಣ ಕಸಬರಿಗೆಯ ಕೋಲೊಂದನ್ನು ರೈಫಲ್ಲಿನ ಅಳತೆಗೆ ಕತ್ತರಿಸಿ, ತುದಿಗೊಂದು ಮೊಳೆ ಬಡಿದು ತಂದಿದ್ದ. ಅಂಗಡಿಯವನು ಅಕ್ಷರದ ಬೋರ್ಡ್ ಕಡೆ ಕೈ ತೋರಿಸಿದ. ಅಣ್ಣ ಕೋಲನ್ನು ಕೆನ್ನೆಗೆ ಆನಿಸಿ ಒಂದು ಕಣ್ಣು ಮುಚ್ಚಿದ. ಬೋರ್ಡಿನ ಕೆಳಗೆ ಬೆಂಚಿನಲ್ಲಿ ಕೂತಿದ್ದ ದಪ್ಪನೆಯ ಗಿರಾಕಿ ಚೀಲ ಎದೆಗೆ ಅವುಚಿಕೊಂಡು ಪಕ್ಕಕ್ಕೆ ಸರಿದರು.

“ಯಜಮಾನ್ರ, ಏನ್ ಮಾಡಾಕತ್ತೀರಿ?” ಎಂದ ಅಂಗಡಿಯವನು.

“ಅಕ್ಷರ ಬ್ಯಾಡ್ರೀ. ಈ ಮೊಳಿ ಕಾಣಬೇಕು.”

“ಮೊಳಿ ಕಂಡು?”

“ಅದರ ಮ್ಯಾಲ ಡಬ್ಬಿ ಇಡ್ಬೇಕು.”

ಅವನು ನನ್ನ ಮುಖ ನೋಡಿದ. ನಾನು ಇಂಗ್ಲಿಷಿನಲ್ಲಿ ಎಕ್ಸ್‌ಪ್ಲೇನ್ ಮಾಡಿದೆ, ಇನ್ನೂ ಗಾಬರಿಯಾದ. ಕೊನೆಗೆ ಟೇಪು ಹಿಡಿದು ಅಣ್ಣನ ಕಣ್ಣಿನಿಂದ ಮೊಳೆಯವರೆಗೆ ಅಳೆದು, “ಇದು ಕಂಪ್ಯೂಟರ್ ಮಾಡೋರ ನಂಬರ್ರೀ. ತಾವು ಕಂಪ್ಯೂಟರ್ ಮಾಡ್ತೀರೇನು?” ಎಂದ.

“ಇಲ್ರೀ, ಗುಬ್ಬಿ ಕಾಯ್ತೀನಿ.”

ಹೊಸ ಕನ್ನಡಕದಲ್ಲಿ ಮೊಳೆ ಮೊಳೆಯಂತೆ ಕಂಡಿತು. ಆದರೆ ಕಣ್ಣಿಗೆ ಹತ್ತಿರದ ಹಿಂಗುರಿ ಈಗ ಬೂದಿಯ ಮುದ್ದೆ. ಅದಕ್ಕೆ ದೇವದುರ್ಗ. ಅಲ್ಲಿನ ಓಣಿಯೊಂದರಲ್ಲಿ ಸ್ಟೋವು, ಬೀಗ, ಹೊಲಿಗೆ ಯಂತ್ರ, ಏರ್ ಗನ್ ಎಲ್ಲ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದರು. ಸ್ವತಃ ಅವರ ಕನ್ನಡಕ ಸೋಡಾ ಬಾಟಲಿಯ ತಳದಷ್ಟು ದಪ್ಪ. ಬಲೂನ್ ಹೊಡೆಸುವವನ ಹಳೆಯ ಬಂದೂಕಿನದೆಂದು ಒಂದು ಹೊಸ ಫ್ಯಾಶನ್ನಿನ ಜೋಡಿ ತೋರಿಸಿದರು: ಮುಂದೆ ಕೆಂಪು ಚುಕ್ಕೆ, ಹಿಂದೆ ಎರಡು ಹಸಿರು ಚುಕ್ಕೆ, ಬಿಸಿಲು ಬಿದ್ದರೆ ದೀಪದಂತೆ ಹೊಳೆಯುವ ಪ್ಲಾಸ್ಟಿಕ್ಕು. ಅಣ್ಣನಿಗೆ ಅದು ಬಹಳ ಹಿಡಿಸಿತು.

“ನಕೋ ನಕೋ,” ಎಂದರು ಚಾಚಾ. “ನಾನಽ ತೋರ್ಸ್ದೆ, ನಾನಽ ಬ್ಯಾಡಂತೀನಿ. ಹಳೀ ಕಣ್ಣಿಗೆ ಇದು ಚುಕ್ಕಿ ಅಲ್ರೀ, ಹೂವು ಆಗಿ ಕಾಣ್ತದ. ಮೂರು ಹೂವಿನ್ಯಾಗ ಡಬ್ಬಿ ಮುಚ್ಚೇ ಹೋಗ್ತದ. ಶಾದಿಗೆ ಚಲೋ, ನಿಶಾನಾ ಹಿಡ್ಯಾಕ ಅಲ್ಲ.”

“ಮತ್ತ ಕಚ್ಚು ಅಗಲ ಮಾಡ್ರಿ,” ಎಂದ ಅಣ್ಣ.

“ಅಗಲ ಮಾಡ್ಬಹುದು. ಅದಕ್ಕಿಂತ ಕಚ್ಚೇ ತೆಗೀತೀನಿ, ತೂತು ಇಡ್ತೀನಿ. ಕಣ್ಣಿಗೆ ಹತ್ರ. ತೂತು ನೋಡಬ್ಯಾಡ್ರಿ, ತೂತಿನ್ಯಾಗಿಂದ ನೋಡ್ರಿ. ಕಣ್ಣು ತಾನಽ ನಡುವ ಬಂದು ನಿಲ್ತದ.”

ಹೊಲಿಗೆ ಯಂತ್ರದ ವಾಷರ್ ಒಂದಕ್ಕೆ ಜೋಳದ ಕಾಳಿಗಿಂತ ಸಣ್ಣ ತೂತು ಕೊರೆದು, ರೈಫಲ್ಲಿನ ಹಿಂಬದಿಗೆ ಬೆಸೆದರು. ಮುಂಗುರಿಗೆ ದಪ್ಪನೆಯ ಚಪ್ಪಟೆ ಕಂಬ ಕೂರಿಸಿ, ತಮ್ಮ ಎಲೆಯಡಿಕೆಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಅದರ ನೆತ್ತಿಗೆ ಹಚ್ಚಿದರು. ಪರೀಕ್ಷೆಗೆಂದು ಎದುರಿನ ಕ್ಷೌರದಂಗಡಿಯ ಬೋರ್ಡಿನ ಕಡೆ ಹಿಡಿದಾಗ, ಗುಂಡಿಲ್ಲವೆಂದು ಎಷ್ಟು ಹೇಳಿದರೂ ಒಳಗಿದ್ದ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಹೊರಬಂದ. ನಾನು ಆ ತೂತಿನಲ್ಲಿ ಕಣ್ಣಿಟ್ಟೆ. ಕಾನ್ವೆಂಟಿನ ಫಿಸಿಕ್ಸ್ ಸಿಸ್ಟರ್ ಶೂ ಡಬ್ಬಿಗೆ ಸೂಜಿ ಚುಚ್ಚಿ ಕ್ಯಾಮೆರಾ ಮಾಡಿ ತೋರಿಸಿದ್ದರು; ಡಬ್ಬಿಯೊಳಗೆ ಸಂಪಿಗೆ ಮರ ತಲೆಕೆಳಗಾಗಿ ನಿಂತಿತ್ತು. ಐವತ್ತು ಚಿಲ್ಲರೆ ವರ್ಷಗಳ ಮೇಲೆ, ದೇವದುರ್ಗದ ಓಣಿಯಲ್ಲಿ, ಅದೇ ಬೆಳಕು. ಸುಣ್ಣದ ಚುಕ್ಕೆಯೂ ಚೊಕ್ಕ, ಬೋರ್ಡಿನ ಅಕ್ಷರವೂ ಚೊಕ್ಕ. ಚಾಚಾ ಇದನ್ನೆಲ್ಲ ಯಾವ ಸಿಸ್ಟರ್ ಹತ್ತಿರ ಕಲಿತರೋ.

ಎಳ್ಳಮವಾಸ್ಯೆಗೆ ಮುಂಚಿನ ಒಂದು ವಾರ ಅಣ್ಣ ಹೊಡೆದು ನೋಡಿದ. ಹತ್ತಕ್ಕೆ ಎಂಟು! ಫೋನಿನಲ್ಲಿ ಆ ಕೆಮ್ಮು ಕೇಳಿಸಿತು.

ನಮ್ಮ ಕಡೆ ಎಳ್ಳಮವಾಸ್ಯೆಗೆ ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ, ಆಮೇಲೆ ಅಡುಗೆಯೆಲ್ಲ ಕಲಸಿ ಬೆಳೆಯ ತುಂಬ ಚರಗ ಚೆಲ್ಲುವುದು, ಭೂಮಿಗೆ ಒಂದು ಪಾಲು, ಹಕ್ಕಿಪಕ್ಷಿಗೆ ಒಂದು ಪಾಲು. ಅತ್ತಿಗೆ ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಹೊಲದಲ್ಲಿ ದುಡಿಯುವುದಕ್ಕೆಲ್ಲ ಪೂಜೆಯಾಗಬೇಕು: ಕುಡಗೋಲು, ಔಷಧಿ ಹೊಡೆಯುವ ಪಂಪು, ಅಟ್ಟದ ನಾಲ್ಕು ಕಂಬ, ನಾವು ಬಂದ ಕಾರು. ಬಂದೂಕಿಗೂ ಒಂದು ಚೆಂಡುಹೂವು ಸಿಕ್ಕಿಸಿದಳು.

ಊಟಕ್ಕೆ ಮುಂಚೆ ಪರೀಕ್ಷೆ. ಬಂದುಬಳಗವೆಲ್ಲ ಅಟ್ಟದ ಹಿಂದೆ ಜಮಖಾನೆ ಹಾಸಿ ಕೂತಿತು. ಅಣ್ಣ ಹೊಸ ಕನ್ನಡಕ ಹಾಕಿ ಏಣಿ ಹತ್ತಿದ, ಕೆನ್ನೆ ಆನಿಸಿದ, ಮತ್ತು ಹಾಗೆಯೇ ಕೂತ. ಬಹಳ ಹೊತ್ತು ಕೂತ.

“ಗುರಿ ಹಿಡ್ಯಾಕತ್ತಾನೋ, ನಿದ್ದಿ ಹತ್ತ್ಯದೋ?” ಎಂದ ಚಿಕ್ಕಪ್ಪನ ಮಗ.

ಟಪ್. ಡಬ್ಬಿ ಸುಮ್ಮನೆ. ಎರಡನೆಯದು ಟಪ್. ಮೂರನೆಯದು. ನಾಲ್ಕನೆಯದು.

“ಡಬ್ಬಿ ಪಾಪ, ಅಂಜಿ ಉಸುರು ಹಿಡಕೊಂಡದ,” ಎಂದಳು ಯಾವಳೋ. ಎಲ್ಲರೂ ನಕ್ಕರು. ಅತ್ತಿಗೆ ಮಾತ್ರ ನಗಲಿಲ್ಲ. ಇನ್ನೊಂದು ತಪ್ಪಿದರೆ ಆಟ ಮುಗಿಯಿತು.

“ತಂಗೆವ್ವ, ಮ್ಯಾಲ ಬಾ,” ಎಂದು ಅಣ್ಣ ಕರೆದ. ಎಪ್ಪತ್ತೊಂದರ ಮಂಡಿ, ಇಳಕಲ್ ಸೀರೆ, ಬಿದಿರಿನ ಏಣಿ, ಹೇಗೆ ಹತ್ತಿದೆನೋ. ಅವನು ಕಿವಿಯಲ್ಲಿ ಹೇಳಿದ: “ಬಲಗಣ್ಣು ಹೋತು. ತೂತಿನ್ಯಾಗ ಬರೇ ಕತ್ತಲಿ. ಅಂದಾಜಿನ ಮ್ಯಾಲ ಹೊಡದೆ. ಯಾರಿಗೂ ಹೇಳಬ್ಯಾಡ.”

ಬಂದೂಕು ತೆಗೆದುಕೊಂಡು ನೋಡಿದೆ. ನನಗೂ ಕತ್ತಲೆ. ಕನ್ನಡಕ ಬದಲಿಸಿ ಹತ್ತಿರ ಹಿಡಿದರೆ, ವಾಷರಿನ ತುಂಬ ವಿಭೂತಿ, ಅದರ ನಟ್ಟನಡುವೆ, ತೂತಿಗೆ ಸರಿಯಾಗಿ ತಟ್ಟಿದ ಕುಂಕುಮ. ಒಣಗಿ ಗಟ್ಟಿಯಾಗಿತ್ತು. ಮೊಳೆ ನೋಡಲೆಂದೇ ಮಾಡಿಸಿದ ಕನ್ನಡಕದಲ್ಲಿ ಅವನಿಗೆ ಅದು ಕಾಣುವಂತೆಯೇ ಇರಲಿಲ್ಲ.

ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ತೆಗೆದು ಚುಚ್ಚಿದೆ. ಬೆಳಕು ಬಂತು. “ಕಣ್ಣು ಹೋಗಿಲ್ಲೋ, ನಿನ್ನ ಬಂದೂಕಿಗೆ ಮುತ್ತೈದೆ ಭಾಗ್ಯ ಬಂದದ,” ಎಂದೆ, ಅಳುವೂ ನಗುವೂ ಒಟ್ಟಿಗೇ ಬಂದು.

ಸುದ್ದಿ ಕೆಳಗಿಳಿಯಿತು. “ಅತ್ತಿಗೆವ್ವ, ಗೆಲ್ಲಾಕ ತೂತು ಮುಚ್ಚೀಯೇನು?” ಎಂದ ಚಿಕ್ಕಪ್ಪನ ಮಗ.

“ನಾಲಿಗಿ ಬಿಗಿ ಹಿಡಿ! ದೇವರಂತ ಹಚ್ಚೀನಿ!” ಅತ್ತಿಗೆಯ ಮುಖ ಕುಂಕುಮಕ್ಕಿಂತ ಕೆಂಪಾಗಿತ್ತು. “ಏನ್ರಿ, ಆ ನಾಕು ಲೆಕ್ಕಕ್ಕಿಲ್ಲ, ಮೊದಲಿಂದ ಹೊಡೀರಿ.”

“ಬ್ಯಾಡ,” ಎಂದ ಅಣ್ಣ. “ಹೊಡದದ್ದು ಹೊಡದ್ಹಂಗ.”

ಐದನೆಯದು, ಠಣ್. ಆರು, ಠಣ್. ಏಳು. ಎಂಟು. ಒಂಬತ್ತನೆಯದಕ್ಕೆ ಹೆಂಗಸರು ಚಪ್ಪಾಳೆ ತಟ್ಟಿದರು. ಐದು ಬಡಿದಿದ್ದವು, ಬೇಕಾದದ್ದು ಇನ್ನೊಂದೇ. ಅವನು ಹತ್ತನೆಯ ಗುಂಡು ತುಂಬುತ್ತಿದ್ದಾಗ ಒಂದು ಗೊರವಂಕ ಬಂದು ಡಬ್ಬಿಯ ಮೇಲೆ ಕೂತಿತು.

ಚರಗದ ಕಡುಬಿನ ಚೂರು ಬಾಯಲ್ಲಿತ್ತು. ಅದನ್ನು ಡಬ್ಬಿಯ ಮೇಲಿಟ್ಟು, ಸಾವಕಾಶವಾಗಿ ತಿನ್ನತೊಡಗಿತು. ಅಣ್ಣ ಬಂದೂಕು ಇಳಿಸಿದ. ನಾವು ಚಪ್ಪಾಳೆ ತಟ್ಟಿದೆವು. ಚಿಕ್ಕಪ್ಪನ ಮಗ ಟವೆಲ್ ಬೀಸಿದ. ಅತ್ತಿಗೆ, ಕಾಲುವೆ ಆಚೆಗೂ ಕೇಳುವ ಅತ್ತಿಗೆ, ಗಂಟಲು ಹರಿಯುವಂತೆ ಕೂಗಿದಳು. ಇಡೀ ಹೊಲದ ಹಕ್ಕಿ ಎದ್ದವು, ಅದೊಂದು ಬಿಟ್ಟು. ಎಷ್ಟೋ ಸುಗ್ಗಿ ಅವನನ್ನು ನೋಡಿದ ಹಕ್ಕಿಗಳ ಪೈಕಿಯದೇ ಇರಬೇಕು. ಈ ಮನುಷ್ಯ ಹಕ್ಕಿಗೆ ಹೊಡೆಯುವುದಿಲ್ಲವೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

“ಡಬ್ಬಿ ಕೆಳಗಡೆ ತುದಿಗೆ ಹೊಡಿಯೋ!” ಎಂದರು ಯಾರೋ.

“ಅದರ ಕಾಲಿಗೆ ತಾಕಿದ್ರ?” ಎಂದ ಅಣ್ಣ. ಬಂದೂಕನ್ನು ಪಕ್ಕಕ್ಕಿಟ್ಟು, “ಐದಽ ಆದ್ವು. ಅಟ್ಟ ಬಿಚ್ಚಿಬಿಡ್ರಿ,” ಎಂದ, ಕಚೇರಿಯ ಆ ಮೆಲ್ಲನೆಯ ದನಿಯಲ್ಲಿ.

ಎಲ್ಲರೂ ಅತ್ತಿಗೆಯ ಕಡೆ ನೋಡಿದೆವು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ನಾ ಹೇಳಿದ್ದು ಹತ್ತು ಗುಂಡು. ಒಂಬತ್ತು ಆಗ್ಯಾವ. ಹಕ್ಕಿ ಎದ್ದ ಮ್ಯಾಲ ಹತ್ತನೇದು ಹೊಡೀರಿ, ಆಮ್ಯಾಲ ನೋಡೂಣು. ಅಲ್ಲೀತನಕ ಅಟ್ಟಕ್ಕ ಯಾರೂ ಕೈ ಹಚ್ಚಬ್ಯಾಡ್ರಿ.”

ನಾವು ಊಟಕ್ಕೆ ಕೂತೆವು. ಹಕ್ಕಿ ಏಳಲಿಲ್ಲ; ಹಾರಿದಂತೆ ಮಾಡುವುದು, ಅಣ್ಣ ಕೆನ್ನೆ ಆನಿಸುವಷ್ಟರಲ್ಲಿ ಇನ್ನೊಂದು ಚೂರು ತಂದು ಮತ್ತೆ ಕೂರುವುದು. ಬಿಸಿಲು ಇಳಿಯಿತು. ರಾಯಚೂರಿಗೆ ಹೊರಡುವ ಹೊತ್ತಾಯಿತು. ಅಟ್ಟದ ಕೆಳಗೆ ನಿಂತು “ಬರ್ತೀನಿ ಅಣ್ಣ” ಎಂದೆ. ಗುರಿ ತಪ್ಪೀತೆಂದು ಅವನು ತಿರುಗಿ ನೋಡಲಿಲ್ಲ, ಎಡಗೈಯ ಒಂದು ಬೆರಳೆತ್ತಿದ.

ಅವನನ್ನು ನಾನು ನೋಡಿದ್ದು ಅದೇ ಕಡೆಯ ಸಲ. ಕಾರು ಕಾಲುವೆಯ ಏರಿ ಹತ್ತುವಾಗ ಕಿಟಕಿಯ ಗಾಜು ಇಳಿಸಿ, ಠಣ್ ಕೇಳಿಸೀತೆಂದು ಕಿವಿಗೊಟ್ಟು ಹಿಂದಿರುಗಿ ನೋಡಿದೆ. ಡಬ್ಬಿಯ ಮೇಲೆ ಹಕ್ಕಿ; ಅಟ್ಟದ ಮೇಲೆ ತೂತಿಗೆ ಕಣ್ಣಿಟ್ಟು ಕೂತ ಅಣ್ಣ; ಏಣಿಯ ನಡುಮೆಟ್ಟಿಲಲ್ಲಿ ಅತ್ತಿಗೆ, ಒಂದು ಕೈಯಲ್ಲಿ ಗಂಗಾಳ ಹಿಡಿದು, ಇನ್ನೊಂದು ಕೈಯಿಂದ ಅವನ ಬಾಯಿಗೆ ಕಡುಬು ಇಡುತ್ತಿದ್ದಳು, ತೋಳು ಅಲುಗದಂತೆ.