ಕಾಮಾಕುರದ ಕಡಲಿಗೆ ಹೋದ ಬೂಟು

ಮಾತು ಬಿಟ್ಟ ಇಬ್ಬರ ನಡುವೆ ಕೂತು ನೀವು ಎಂದಾದರೂ ಊಟ ಮಾಡಿದ್ದೀರಾ? ಉಪ್ಪಿನ ಡಬ್ಬಿ ಕೂಡ ನಿಮ್ಮ ಮೂಲಕವೇ ದಾಟಬೇಕು. ೨೦೦೬ರ ಸುಮಾರಿಗೆ ಆ ಉದ್ಯೋಗ ನನ್ನ ಪಾಲಿಗೆ ಬಂತು, ಅದೂ ಜಪಾನಿನಲ್ಲಿ.

ಮಂಗಳೂರಿನ ವಿಲ್ಮಾ, ಮೈಸೂರಿನ ಅಶ್ಫಾಕ್ ಮತ್ತು ನಾನು ಡಾಲರ್ ನಾಡಿನ ಕ್ಯಾರಿ ಎಂಬ ಊರಿನ ಒಂದೇ ಆಫೀಸಿನವರು. ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದವರು. ಆಫೀಸಿನ ಕೆಲಸಕ್ಕೆಂದು ಮೂವರೂ ಟೋಕಿಯೊಗೆ ಹೊರಡುವ ಹಿಂದಿನ ವಾರ, ಅಶ್ಫಾಕ್ ಕೆಲಸ ಬಿಟ್ಟು ಕಾರಿನಲ್ಲಿ ಮೂರು ಗಂಟೆ ದೂರದ ಬ್ಯಾಲಂಟೈನಿನ ಬ್ಯಾಂಕೊಂದಕ್ಕೆ ಸೇರುವ ಸುದ್ದಿ ವಿಲ್ಮಾಳಿಗೆ ತಿಳಿಯಿತು. ಅವನಿಂದಲ್ಲ, ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದ ಯಾರೋ ಆಂಟಿಯಿಂದ. ಅಲ್ಲಿಗೆ ಮಾತು ಬಂದ್. ನಮ್ಮ ಭಾಷೆ ಜಾಣ ಭಾಷೆ. ಸಿಟ್ಟು ಬೇರೆ, ಮುನಿಸು ಬೇರೆ ಎಂದು ಅದಕ್ಕೆ ಗೊತ್ತು. ಸಿಟ್ಟು ಯಾರ ಮೇಲೂ ಬರಬಹುದು. ಮುನಿಸಿಗೆ ನಮ್ಮವರೇ ಬೇಕು.

ಭಾನುವಾರ ಇಬ್ಬರನ್ನೂ ರೈಲಿನಲ್ಲಿ ಕಾಮಾಕುರವೆಂಬ ಕಡಲೂರಿಗೆ ಎಳೆದೊಯ್ದೆ. ಸಮುದ್ರ ನೋಡಿದರೆ ಮನಸ್ಸು ಸಡಿಲವಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಇಂಥ ಸಿದ್ಧಾಂತ ಕಟ್ಟುವವರು ನನ್ನಂಥ ಬೆಂಗಳೂರಿನವರೇ. ವಿಲ್ಮಾಳಿಗೆ ಅದು ಬರೀ ನೀರು.

ಬೂಟು ಕಳಚಿಟ್ಟು ಮರಳಿನಲ್ಲಿ ಕೂತು ಅನ್ನದುಂಡೆಗಳ ಪೊಟ್ಟಣ ಬಿಚ್ಚಿದೆವು. ಹಿಂದೆಯೇ ಹದ್ದಿನ ಚಿತ್ರವಿದ್ದ ಫಲಕವೊಂದಿತ್ತು. ಪಕ್ಷಿಗಳನ್ನು ಎಷ್ಟು ಚೆನ್ನಾಗಿ ಕಾಪಾಡುತ್ತಾರೆ ಎಂದು ನಾನು ಮೆಚ್ಚಿಕೊಳ್ಳುತ್ತಿರುವಾಗಲೇ ಬೆನ್ನ ಹಿಂದೆ ರಪ್ಪೆಂದಿತು. ನನ್ನ ಕೈಯ ಉಂಡೆ ಆಕಾಶದಲ್ಲಿತ್ತು. ಇನ್ನೊಂದು ಹದ್ದು ವಿಲ್ಮಾಳ ಮೇಲೆ ಎರಗಿತು. ಅಶ್ಫಾಕ್ ಪಕ್ಕದಲ್ಲಿದ್ದ ತನ್ನದೇ ಬೂಟೊಂದನ್ನು ಎತ್ತಿ ಬೀಸಿ ಎಸೆದ. ಹದ್ದು ಹೆದರಿತೇನೋ ನಿಜ, ಬೂಟು ಮಾತ್ರ ನೇರ ಅಲೆಗೆ ಬಿತ್ತು. ನಾವು ಓಡುವಷ್ಟರಲ್ಲಿ ಕಡಲು ಅದನ್ನು ನುಂಗಿತ್ತು.

“ಎಂತ ಮಾರಾಯಾ, ಶೂ ಹೋಯ್ತಲ್ಲ!” ವಿಲ್ಮಾ ಕೂಗಿದಳು. ಮುನಿಸಿಕೊಂಡ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು.

“ನಿನ್ ಕೈಗೇನೂ ಆಗ್ಲಿಲ್ವಲ್ಲ?”

“ಕೈಗೆ ಎಂತದೂ ಆಗ್ಲಿಲ್ಲ. ನೀನು ಹೋಗುದನ್ನು ನಂಗೆ ಮೊದಲೇ ಹೇಳ್ಲಿಕ್ಕೆ ಆಗ್ಲಿಲ್ವಾ?”

ಅಶ್ಫಾಕ್ ಒಂದು ಕಾಲಿನ ಬೂಟು ಹಿಡಿದು ನಿಂತಿದ್ದ. “ಹೇಳಿದ್ರೆ ಅಳ್ತೀಯ ಅಂತ ಸುಮ್ಮನಿದ್ದೆ. ನೀನು ಅತ್ರೆ ನಾನು ಆಫರ್ ರಿಜೆಕ್ಟ್ ಮಾಡ್ಬಿಡ್ತಿದ್ದೆ. ನನ್ ಹೆಂಡ್ತಿಗೂ ಅಲ್ಲೇ ಜಾಬ್ ಸಿಕ್ಕಿದೆ ಕಣೆ.”

“ನಾನ್ಯಾಕೆ ಅಳ್ಲಿ?” ಎಂದು ವಿಲ್ಮಾ ಅಳತೊಡಗಿದಳು.

ಊರಿನ ಅಂಗಡಿಗಳಲ್ಲಿ ಅವನ ಕಾಲಿನ ಅಳತೆಯ ಬೂಟು ಇರಲಿಲ್ಲ. ಕೊನೆಗೆ ವಿಲ್ಮಾಳೇ ಮೊಲದ ಚಿತ್ರವಿದ್ದ ಗುಲಾಬಿ ಚಪ್ಪಲಿ ಹುಡುಕಿ ತಂದಳು. ಅರ್ಧ ಹಿಮ್ಮಡಿ ಹೊರಗೇ ಇತ್ತು. ಅದನ್ನು ಮೆಟ್ಟಿಕೊಂಡು ಅಶ್ಫಾಕ್ ಮದುಮಗನ ಗಾಂಭೀರ್ಯದಿಂದ ಪೇಟೆಯುದ್ದಕ್ಕೂ ನಡೆದ. ರೈಲಿನಲ್ಲಿ ಶಾಲೆಯ ಹುಡುಗಿಯರು ಮುಖ ಮುಚ್ಚಿಕೊಂಡು ನಕ್ಕರು. ನಾವು ಮುಚ್ಚಿಕೊಳ್ಳದೆ ನಕ್ಕೆವು.

ಚಳಿಗಾಲದಲ್ಲಿ ಬ್ಯಾಲಂಟೈನಿಗೆ, ಅಶ್ಫಾಕನ ಹೊಸ ಮನೆಯ ಊಟಕ್ಕೆ ಹೋದೆ. “ಅಷ್ಟು ದೂರ ಯಾರು ಡ್ರೈವ್ ಮಾಡ್ತಾರೆ” ಎಂದಿದ್ದ ವಿಲ್ಮಾ ನನಗಿಂತ ಮೊದಲೇ ಅಲ್ಲಿದ್ದಳು. ಅಡುಗೆಮನೆಯ ಕಟ್ಟೆಗೆ ಒರಗಿ, ಫೋನ್ ಮಾಡುವುದಿಲ್ಲವೆಂದು ಅವನನ್ನು ಬಯ್ಯುತ್ತಿದ್ದಳು. ಅವನು ತಲೆ ತಗ್ಗಿಸಿ ಈರುಳ್ಳಿ ಹೆಚ್ಚುತ್ತ, ಒಳಗೊಳಗೇ ಹಿಗ್ಗುತ್ತಿದ್ದ. ಬಯ್ಯುವುದಕ್ಕೆಂದೇ ಅಷ್ಟು ದೂರ ಕಾರು ಓಡಿಸಿಕೊಂಡು ಬರುವವರು ಎಲ್ಲರಿಗೂ ಎಲ್ಲಿ ಸಿಗುತ್ತಾರೆ?