ಎದೆ ಅಳತೆಯ ಗೂಡು

ನಮ್ಮಕ್ಕ ಮನುಷ್ಯರನ್ನು ನೋಡುವುದೇ ಇಂಚಿನ ಲೆಕ್ಕದಲ್ಲಿ. ಮನೆಯ ಮುಂಭಾಗದ ನಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತುವವರನ್ನು ಕಂಡು ‘ಈಯಮ್ಮನಿಗೆ ಮೂವತ್ತೆಂಟು’ ಎಂದು ಗೊಣಗುವಳು. ಟೇಪು ಹಿಡಿದರೆ ಮೂವತ್ತೆಂಟೇ. ಇಪ್ಪತ್ತು ವರ್ಷ ಅವಳ ಪಕ್ಕದ ಮಿಷನ್ನಿನಲ್ಲಿ ಕೂತು ಹೊಲಿದಿದ್ದೇನೆ. ಅವಳ ಅಳತೆ ತಪ್ಪಿದ್ದು ಅಪರೂಪ. ತಪ್ಪಾಯಿತು ಎಂದು ಅವಳು ಒಪ್ಪಿಕೊಂಡದ್ದನ್ನಂತೂ ನಾನು ಕೇಳಿರಲೇ ಇಲ್ಲ.

ಭಾವ ಬಸ್ಸು ಓಡಿಸುವವರು, ಸಾಧು ಪ್ರಾಣಿ. ಅವರಿಗೊಂದು ಲವ್ ಬರ್ಡ್ ಇತ್ತು. ಒಂದು ಬೆಳಿಗ್ಗೆ ಕಾಳು ಹಾಕಿ, ಡ್ಯೂಟಿಯ ಅವಸರದಲ್ಲಿ ಗೂಡಿನ ಕೊಂಡಿ ಹಾಕುವುದನ್ನು ಮರೆತರು. ಬೆಕ್ಕಿಗೆ ಅಷ್ಟೇ ಸಾಕಾಯಿತು. ಭಾವ ಎರಡು ದಿನ ಅನ್ನ ಮುಟ್ಟಲಿಲ್ಲ. ಅಕ್ಕ ಸಮಾಧಾನ ಹೇಳುವುದು ಬಿಟ್ಟು, “ಅಷ್ಟು ಜನರ ಜೀವ ಕೈಯಲ್ಲಿಟ್ಕೊಂಡು ಓಡಾಡ್ತೀರ, ಒಂದು ಕೊಂಡಿ ಹಾಕೋಕೆ ಬರಲ್ವಾ?” ಎಂದಳು. ಒಂದು ಸಲ ಅಂದು ಬಿಟ್ಟಿದ್ದರೆ ಮುಗಿಯುತ್ತಿತ್ತು. ಹಾಲು ಉಕ್ಕಿದರೂ ಅದೇ ಮಾತು, ಛತ್ರಿ ಮರೆತರೂ ಅದೇ ಮಾತು. ಕೊನೆಕೊನೆಗೆ ಭಾವ ಬೀದಿಯ ತುದಿಯವರೆಗೆ ಹೋದವರು ವಾಪಸು ಬಂದು ಮನೆಯ ಬೀಗ ಜಗ್ಗಿ ನೋಡತೊಡಗಿದರು. ನನಗೆ ಅಕ್ಕನ ಮೇಲೆ ಕೆಟ್ಟ ಕೋಪ ಬರುತ್ತಿತ್ತು. ಆದರೆ ಹುಲಿಯ ಬಾಯಿಗೆ ಕೈ ಹಾಕುವವರು ಯಾರು?

ಆರು ತಿಂಗಳಾದ ಮೇಲೆ ಭಾವನ ಗೆಳೆಯರೊಬ್ಬರು ಒಂದು ಹಸಿರು ಹಕ್ಕಿಯನ್ನು ತಂದುಕೊಟ್ಟರು. “ಈ ಸಲ ಗೂಡಿನ ಉಸಾಬರಿ ನಂದು,” ಎಂದಳು ಅಕ್ಕ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಪೇಟೆಯ ಗೂಡುಗಳೆಲ್ಲ ಅವಳ ಹೆಬ್ಬೆರಳಿಗೆ ಸೋತವು. ಒಂದರ ಕಂಬಿ ಬಾಗಿತು, ಒಂದರ ಬಣ್ಣ ಉಗುರಿಗೇ ಎದ್ದು ಬಂತು. “ಹಕ್ಕಿ ಇದನ್ನ ಕುಕ್ಕಿ ತಿಂದ್ರೆ ಗತಿಯೇನು?” ಎಂದು ಅಂಗಡಿಯವನನ್ನೇ ಗದರಿದಳು. ಕಡೆಗೆ ಪಕ್ಕದ ಬೀದಿಯ ವೆಲ್ಡಿಂಗಿನವನ ಬಳಿ ಹೋದೆವು.

“ಬೆಕ್ಕು ಮೇಲೆ ಬಿದ್ರೂ ಕಂಬಿ ಬಾಗಬಾರದು.”

“ಆಯ್ತಕ್ಕ. ಸಂದು ಅರ್ಧ ಇಂಚು ಇಡ್ಲಾ?”

“ಮುಕ್ಕಾಲು ಇಡು, ಗಾಳಿ ಬೇಡ್ವಾ? ಎದೆ ಅಳತೆ ತಗೊಂಡಿದೀನಿ. ಎದೆ ನುಗ್ಗದ ಸಂದಿನಲ್ಲಿ ಹಕ್ಕಿ ಹೇಗೆ ಹೋಗುತ್ತೆ?”

“ಅಲ್ಲಕ್ಕ, ಸಣ್ಣ ಹಕ್ಕಿಗೆ...”

“ಅಳತೆ ನನಗೆ ಹೇಳಿಕೊಡ್ತೀಯಾ?”

ಅವನು ಮುಕ್ಕಾಲು ಇಂಚು ಎಂದೇ ಬರೆದುಕೊಂಡ. ಗೂಡು ಗಟ್ಟಿಮುಟ್ಟಾಗಿಯೇ ಬಂತು.

ನಾಲ್ಕನೆಯ ದಿನ ಸಂಜೆ, ಭಾವ ಡ್ಯೂಟಿ ಮುಗಿಸಿ ಬರುವ ಹೊತ್ತು. ಅಂಗಡಿಯ ಕಿಟಕಿಯ ಬಳಿ ತೂಗುಹಾಕಿದ್ದ ಗೂಡಿನಲ್ಲಿ ಪಟಪಟ ಸದ್ದಾಯಿತು. ತಿರುಗಿ ನೋಡಿದರೆ ಹಕ್ಕಿಯ ತಲೆ ಕಂಬಿಯ ಹೊರಗೆ, ಮೈ ಒಳಗೆ. ತಲೆ ಹೊರಬರುವಾಗ ಗರಿಗಳು ಒತ್ತಿಕೊಂಡು ದಾರಿ ಬಿಟ್ಟಿದ್ದವು. ಹಿಂದೆಳೆದುಕೊಳ್ಳುವಾಗ ನೆಟ್ಟಗೆ ನಿಂತು ಸಿಕ್ಕಿಬಿದ್ದಿದ್ದವು. ಎದೆಗೆ ಅಳತೆ ತೆಗೆದವಳು ತಲೆಗೆ ತೆಗೆದಿರಲಿಲ್ಲ.

ಅಕ್ಕ ಒಂದು ಕೈಯಲ್ಲಿ ಹಕ್ಕಿಯ ಮೈ ಹಿಡಿದು, ಇನ್ನೊಂದರಿಂದ ಕಂಬಿ ಎಳೆದಳು. ಬಾಗಲಿಲ್ಲ. ಬಾಗಬಾರದೆಂದು ಮಾಡಿಸಿದ್ದಲ್ಲವೇ! “ಓಡೇ!” ಎಂದಳು. ನಾನು ಬರಿಗಾಲಿನಲ್ಲೇ ಓಡಿದೆ.

ವೆಲ್ಡಿಂಗಿನವನನ್ನು ಕರೆತರುವಷ್ಟರಲ್ಲಿ ಹಕ್ಕಿಯ ರೆಕ್ಕೆ ನಿಂತಿತ್ತು, ಕೊಕ್ಕು ತೆರೆದಿತ್ತು. ಅವನು ಗರಗಸ ತೆಗೆದು ಮತ್ತೆ ಚೀಲಕ್ಕೆ ಹಾಕಿದ. “ಕೊಯ್ದರೆ ಅದುರುತ್ತೆ, ಕತ್ತು ಹೋಗುತ್ತೆ.” ಎರಡು ಕಂಬಿಗಳ ನಡುವೆ ಮೇಲುಗಡೆ ಉಳಿ ತೂರಿಸಿ ತಿರುಚಿದ. ಸಂದು ದಾರದ ದಪ್ಪದಷ್ಟು ಬಾಯಿ ಬಿಟ್ಟಿತು, ಅಷ್ಟೇ. ಅಕ್ಕ ನುಣುಪಾದ ಲೈನಿಂಗ್ ಬಟ್ಟೆಯ ಚೂರನ್ನು ಕತ್ತರಿಸಿ, ಕಂಬಿಗೂ ಗರಿಗೂ ನಡುವೆ ಸೂಜಿಯ ಹಿಂಬದಿಯಿಂದ ತಳ್ಳಿದಳು.

“ಬೇಗ ಅಕ್ಕ, ಉಳಿ ಜಾರ್ತಿದೆ!”

“ಬಿಡಬೇಡ, ನಿನ್ನ ಕಾಲಿಗೆ ಬೀಳ್ತೀನಿ, ಬಿಡಬೇಡ!”

ಯಾರಿಗೂ ತಲೆಬಾಗದವಳ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು. ಬಟ್ಟೆ ಕತ್ತಿನ ಸುತ್ತ ಬಂತು. ಅದು ಅದುಮಿದ ಗರಿಗಳ ಮೇಲೆ ಕಂಬಿ ಜಾರಿತು. ತಲೆ ಒಳಗೆ ಹೋದದ್ದಕ್ಕೂ ಉಳಿ ಠಣ್ಣೆಂದು ಬಿದ್ದದ್ದಕ್ಕೂ ನಡುವೆ ಕ್ಷಣದ ಅಂತರವೂ ಇರಲಿಲ್ಲ.

ಹಕ್ಕಿ ಅಕ್ಕನ ಮಡಿಲಲ್ಲಿ ಏದುಸಿರು ಬಿಡುತ್ತ ಬಿದ್ದಿತ್ತು. ಕತ್ತಿನ ಸುತ್ತ ಗರಿ ಕಿತ್ತು ಕೆಂಪಗಾಗಿತ್ತು. ಆಗಲೇ ಭಾವ ಬಂದರು. ನೋಡುತ್ತಲೇ ಅವರ ಮುಖದ ರಕ್ತ ಇಂಗಿಹೋಯಿತು.

“ಬೆಳಿಗ್ಗೆ ನಾನು... ಕೊಂಡಿ ಹಾಕಿದ್ದೆ ಅಲ್ವಾ? ಹಾಕಿದ್ದೆ. ಎರಡು ಸಲ ನೋಡಿದ್ದೆ ಕಣೇ.”

ಯಾರೂ ಅವರನ್ನು ಏನೂ ಕೇಳಿರಲಿಲ್ಲ. ವೆಲ್ಡಿಂಗಿನವನು ತಲೆ ತಗ್ಗಿಸಿ ಉಳಿ ಹುಡುಕತೊಡಗಿದ. ಅಕ್ಕ ಸುಮ್ಮನಿದ್ದಿದ್ದರೆ ಆ ತಪ್ಪನ್ನೂ ಭಾವ ಹೊತ್ತುಕೊಳ್ಳುತ್ತಿದ್ದರು.

“ನಿಮ್ದಲ್ಲ ರೀ,” ಎಂದಳು ಅಕ್ಕ. “ತಪ್ಪು ನಂದು. ಇವನು ಅರ್ಧ ಇಂಚು ಸಾಕು ಅಂದ. ನಾನು ಕೇಳ್ಲಿಲ್ಲ.”

ಆರು ತಿಂಗಳ ಮಾತನ್ನು ತಿರುಗಿಸಿ ಕೊಡಲು ಭಾವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಅವರು ಹಕ್ಕಿಯ ಎದೆಯ ಮೇಲೆ ಬೆರಳಿಟ್ಟು ನೋಡಿದರು. “ಸದ್ಯ, ಬದುಕಿದೆ. ಹೆದರ್ಕೋಬೇಡ ಕಣೇ, ತಡಿ, ನಿನಗೆ ನೀರು ತರ್ತೀನಿ,” ಎಂದು ಒಳಗೆ ಹೋದರು.

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಭಾವ ಲೋಟ ತುಂಬಾ ನೀರು ತಂದು ನೀಡುವಾಗ ಲೋಟ ತುಳುಕಿ ಬಟ್ಟೆಯ ರಾಶಿಯ ಮೇಲೆ ನಾಲ್ಕು ಹನಿ ಚೆಲ್ಲಿತು. ಅವರು ಗಕ್ಕನೆ ನಿಂತು, ಏನು ಅನ್ನುತ್ತಾಳೋ ಎಂದು ಅವಳ ಮುಖ ನೋಡಿದರು. ಅಕ್ಕನಿಗೆ ಅವರ ಮುಖ ನೋಡಲಾಗಲಿಲ್ಲ.